ಶುಗರ್ ತೋರಿಸುವ ವಾಚ್ ಬೇಡ ಅಪ್ಪ

ಲೆಸ್ಟರ್, ಇಂಗ್ಲೆಂಡ್

ತೀರ್ಥರೂಪು ಅಪ್ಪನವರಿಗೆ ವೀಣಾ ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ.

ಸೂಜಿ ಚುಚ್ಚದೆ ಶುಗರ್ ತೋರಿಸುವ ವಾಚ್ ಎರಡು ಸಾವಿರಕ್ಕೆ ಸಿಗುತ್ತಂತೆ, ತರಿಸಲಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಅಂಥ ಯಾವ ವಾಚಿಗೂ ತಾನು ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ ಎಂದು ಔಷಧಿ, ವೈದ್ಯಕೀಯ ಉಪಕರಣಗಳನ್ನು ಪರಿಶೀಲಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಸಿದೆ. ಇನ್ಸುಲಿನ್ ತಗೊಳ್ಳುವವರು ತಪ್ಪು ಅಂಕಿ ನಂಬಿ ಡೋಸ್ ಏರಿಸಿದರೆ ಪ್ರಾಣಕ್ಕೇ ಕುತ್ತು.

ನಮ್ಮ ಕ್ಲಿನಿಕ್ಕಿನಲ್ಲಿ ಬಳಸುವುದು ಬೇರೆ. ತೋಳಿನ ಹಿಂಭಾಗಕ್ಕೆ ಅಂಟಿಸುವ, ನಾಣ್ಯದಷ್ಟು ಅಗಲದ ಸೆನ್ಸರ್. ಅದರ ಸಣ್ಣ ಎಳೆ ಚರ್ಮದೊಳಗೆ ಕೂತು ಸುಮಾರು ಎರಡು ವಾರ, ಹಗಲೂ ರಾತ್ರಿ ಶುಗರ್ ಅಳೆದು ಮೊಬೈಲಿಗೆ ಕಳಿಸುತ್ತದೆ. ದೇಹದಲ್ಲಿ ಇನ್ಸುಲಿನ್ ಬಹುತೇಕ ತಯಾರಾಗದ ಟೈಪ್ 1 ಸಕ್ಕರೆ ಕಾಯಿಲೆ ಇರುವ ವಯಸ್ಕರೆಲ್ಲರಿಗೂ ಇಂಥದ್ದನ್ನು ಕೊಡಬೇಕೆಂದು, ಚಿಕಿತ್ಸೆ ಹೇಗಿರಬೇಕೆಂದು ಸಲಹೆ ಕೊಡುವ ಇಲ್ಲಿನ ನೈಸ್ ಸಂಸ್ಥೆ 2022ರಲ್ಲಿ ಹೇಳಿತು. ರೋಗಿ ಒಪ್ಪಿದರೆ ಗ್ರಾಫ್ ನಮ್ಮ ಕಂಪ್ಯೂಟರಿನಲ್ಲೂ ಕಾಣುತ್ತದೆ.

ಈಚೆಗೆ ಒಬ್ಬರು ಅಜ್ಜನ ಗ್ರಾಫ್ ತೆರೆದೆ. ಬೆಳಗಿನ ಬೆರಳಿನ ಟೆಸ್ಟ್ ದಿನವೂ ಸರಿಯಾಗೇ ಬರುತ್ತಿತ್ತು. ಗ್ರಾಫಿನಲ್ಲಿ ನೋಡಿದರೆ ನಡುರಾತ್ರಿ ದಾಟಿದ ಮೇಲೆ ಗೆರೆ ನಮ್ಮೂರಿನ ಲೆಕ್ಕದಲ್ಲಿ 70ಕ್ಕಿಂತ ಕೆಳಗೆ, ಅಂದರೆ ಶುಗರ್ ಇರಬೇಕಾದ್ದಕ್ಕಿಂತ ಕಡಿಮೆ, ಅದೂ ಒಂದಲ್ಲ, ಎಷ್ಟೋ ರಾತ್ರಿ. ಅವತ್ತೇ ಡಾಕ್ಟರು ಫೋನ್ ಮಾಡಿ ರಾತ್ರಿಯ ಇನ್ಸುಲಿನ್ ಇಳಿಸಿದರು.

ನೀವೂ ರಾತ್ರಿ ಬೆವೆತು ಎದ್ದು ಕೂರುತ್ತೀರಿ ಎಂದು ಅಮ್ಮ ಹೇಳಿದಾಗಿನಿಂದ ನನಗೆ ಅದೇ ಚಿಂತೆ. ಶುಗರ್ ತೀರಾ ಇಳಿದಾಗಲೂ ಹಾಗೆ ಬೆವರುವುದುಂಟು.

ಈ ಸೆನ್ಸರ್ ಬೆಂಗಳೂರಿನಲ್ಲೂ ಸಿಗುತ್ತದೆ, ಆದರೆ ದುಬಾರಿ. ವರ್ಷವಿಡೀ ಬೇಡ, ಒಂದು ಸಲ ಹಾಕಿಸಿದರೂ ನಿಮ್ಮ ರಾತ್ರಿಗಳ ಲೆಕ್ಕ ಸಿಗುತ್ತದೆ. ದುಡ್ಡು ನಾನು ಕಳಿಸುತ್ತೇನೆ. ಆದರೆ ಗ್ರಾಫನ್ನು ಓದಿ ಡೋಸ್ ಹೇಳುವವರು ಇಲ್ಲದಿದ್ದರೆ ಅದನ್ನು ಹಾಕಿಸಿಯೂ ದಂಡ. ಅದಕ್ಕೇ ಮೊದಲು ನಮ್ಮ ತಿಪಟೂರಿನ ಡಾಕ್ಟರನ್ನು ಕೇಳಿ, ಅವರು ನೋಡುತ್ತೇನೆಂದರೆ ಮಾತ್ರ ಸುರೇಶ ತರಲಿ. ನಾನು ಇಲ್ಲಿಂದ ನೋಡಬಲ್ಲೆ, ಆದರೆ ನಿಮ್ಮ ಕೈ ಹಿಡಿದು ನಾಡಿ ನೋಡುವವರು ಅವರೇ.

ಅಂಟಿಸುವ ದಿನ ತೋಳಿಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ, ನಿಲ್ಲುವುದಿಲ್ಲ. ಆಮೇಲೆ ಸ್ನಾನಕ್ಕೇನೂ ಅಡ್ಡಿಯಿಲ್ಲ. ಆ ಮಗ್ಗುಲಿಗೆ ಒತ್ತಿ ಮಲಗಿದರೆ ಇಲ್ಲದ ಇಳಿತ ತೋರಿಸುವುದುಂಟು. ಅನುಮಾನ ಬಂದಾಗ ಬೆರಳು ಚುಚ್ಚಿ ನೋಡಿ.

ಸೆನ್ಸರ್ ಬರಲಿ ಎಂದು ಕಾಯಬೇಡಿ. ರಾತ್ರಿ ಬೆವರುವ ವಿಷಯ ನಾಳೆಯೇ ಡಾಕ್ಟರಿಗೆ ಹೇಳಿ. ಅಮ್ಮ ಹಾಸಿಗೆ ಪಕ್ಕದಲ್ಲಿ ಗ್ಲುಕೋಸ್ ಪುಡಿ ಇಟ್ಟಿರಲಿ. ಡಾಕ್ಟರು ಏನೆಂದರು ಎಂದು ಸುರೇಶನ ಕೈಲಿ ಫೋನ್ ಮಾಡಿಸಿ.

ಇಂತಿ ನಿಮ್ಮ ಮಗಳು,
ವೀಣಾ