ಗಾಡಿ ಜೊತೆ ಬರುವ ಪುಸ್ತಕ ಕನ್ನಡದಲ್ಲೂ ಬರಲಿ

ಮಾನ್ಯ ಸಂಪಾದಕರೇ,

ನಾನು ಕೋಲಾರ ತಾಲ್ಲೂಕಿನವನು. ತೋಟಗಳಿಂದ ಎಪಿಎಂಸಿ ಮಂಡಿಗೆ ಪಿಕಪ್‌ನಲ್ಲಿ ಟೊಮೆಟೊ ಹೊಡೆಯುವುದು ನನ್ನ ಕೆಲಸ. ಓದು ಎಸ್ಸೆಸ್ಸೆಲ್ಸಿ ಫೇಲು, ಅದೂ ಇಂಗ್ಲಿಷಿನಲ್ಲಿ. ಈ ಪತ್ರದ ಕಾಗುಣಿತವನ್ನು ಮಗಳು ತಿದ್ದಿಕೊಟ್ಟಿದ್ದಾಳೆ.

ನನ್ನ ಮೊದಲಿನ ಗಾಡಿ ಹದಿಮೂರು ವರ್ಷ ಓಡಿತು. ಅದಕ್ಕೆ ಗ್ಯಾರೇಜು ಅಂದರೆ ಮನೆ ಮುಂದಿನ ಹುಣಸೆ ಮರದ ನೆರಳು. ಒಂದು ಜಾಕಿ, ಒಂದು ಸೆಟ್ ಸ್ಪ್ಯಾನರ್, ಒಂದು ಗ್ರೀಸ್ ಗನ್ ಇದ್ದರೆ ಮುಕ್ಕಾಲು ಕೆಲಸ ಮುಗಿಯುತ್ತಿತ್ತು. ಇಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರಾಪೆಲ್ಲರ್ ಶಾಫ್ಟಿನ ಜಾಯಿಂಟಿಗೆ, ಅಂದರೆ ಕ್ರಾಸ್‌ಗೆ ಗ್ರೀಸ್ ಹೊಡೆಯುವಾಗ ಹಳೇ ಕರಿ ಗ್ರೀಸು ಹೊರಗೆ ಬಂದು, ಅದರ ಹಿಂದೆ ಹೊಸದು ಇಣುಕುವ ತನಕ ಗನ್ ಒತ್ತಬೇಕು. ನಾಲ್ಕು ಕಪ್ಪಿನಿಂದಲೂ ಬರಬೇಕು. ಒಂದರಲ್ಲಿ ಬರಲಿಲ್ಲ ಅಂದರೆ ಅದರೊಳಗಿನ ಸೂಜಿ ಬೇರಿಂಗು ಒಣಗುತ್ತಿದೆ ಅಂತ ಅರ್ಥ. ಡೀಸೆಲ್ ಲೈನಿನಲ್ಲಿ ಏರ್ ಹಿಡಿದರೆ ಫಿಲ್ಟರ್ ಮೇಲಿನ ಬೋಲ್ಟ್ ಸಡಿಲ ಮಾಡಿ, ಕೈಪಂಪು ಒತ್ತುತ್ತಾ ಇರಬೇಕು. ನೊರೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಬೇಕು. ಇದನ್ನೆಲ್ಲ ಯಾವ ಪುಸ್ತಕವೂ ಕಲಿಸಲಿಲ್ಲ. ಹಳೇ ಡ್ರೈವರುಗಳ ಜೊತೆ ಗಾಡಿ ಕೆಳಗೆ ಮಲಗಿ ಕಲಿತದ್ದು. (ಎಲ್ಲವನ್ನೂ ಸರಿಯಾಗೇ ಕಲಿತೆ ಅನ್ನುವುದಿಲ್ಲ. ಗಾಡಿಯ ಭಾರ ಹೊರುವ ಕಮಾನಿಗೆ ಎರಡು ಪ್ಲೇಟು ಜಾಸ್ತಿ ಹಾಕಿಸಿ, ಎಫ್‌ಸಿಗೆ, ಅಂದರೆ ಫಿಟ್‌ನೆಸ್ ತಪಾಸಣೆಗೆ, ಹೋದಾಗ ಬೈಸಿಕೊಂಡು ಬಿಚ್ಚಿಸಿದ್ದೂ ಉಂಟು.)

2021ರಲ್ಲಿ ಹೊಸ ಪಿಕಪ್ ತಗೊಂಡೆ. 2020ರ ಏಪ್ರಿಲ್ 1ರಿಂದ ಹೊಸ ಗಾಡಿಗಳೆಲ್ಲ ಬಿಎಸ್-6, ಅಂದರೆ ಹೊಗೆ ಕಡಿಮೆ ಬಿಡಬೇಕೆಂಬ ನಿಯಮದವು, ಅಲ್ವಾ, ಇದೂ ಅದೇ. ಎರಡನೇ ವರ್ಷ ಒಂದು ರಾತ್ರಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಒಂದು ಡಬ್ಬ, ಅದರೊಳಗೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಹಳೇ ಗಾಡಿ ಕಲಿಸಿದ ಪಾಠ ಒಂದೇ: ದೀಪ ಹತ್ತಿದರೆ ನಿಧಾನಕ್ಕೆ ಓಡಿಸು, ಇಂಜಿನ್ನಿಗೆ ಕಷ್ಟ ಕೊಡಬೇಡ. ನಾನು ಹಾಗೇ ಮಾಡಿದೆ. ಪರಿಚಯದ ಮೆಕ್ಯಾನಿಕ್ ಬ್ಯಾಟರಿ ಟರ್ಮಿನಲ್ ತೆಗೆದು ಹಾಕಿದ. ದೀಪ ಆರಿತು, ಮಾರನೇ ದಿನ ಮತ್ತೆ ಹತ್ತಿತು. ಇನ್ನೊಬ್ಬ, ಸೈಲೆನ್ಸರ್ ಹತ್ತಿರದ ಆ ಡಬ್ಬವನ್ನೇ ಕಿತ್ತು ಸುಮ್ನೆ ಪೈಪು ಹಾಕಿಬಿಡೋಣ ಅಂದ. ಅದು ಕಾನೂನಿಗೆ ವಿರುದ್ಧ ಅಂತ ಗೊತ್ತಿತ್ತು, ಬೇಡ ಅಂದೆ.

ಐದನೇ ದಿನ ಬೆಳಗಿನ ಜಾವ ನೂರು ಬಾಕ್ಸ್ ಟೊಮೆಟೊ ತುಂಬಿಕೊಂಡು ಬರುವಾಗ ಗಾಡಿಯ ಶಕ್ತಿಯೇ ಹೋಯಿತು. ಆಕ್ಸಿಲೇಟರ್ ಎಷ್ಟು ತುಳಿದರೂ ಮೂವತ್ತರ ಮೇಲೆ ಹೋಗಲ್ಲ. ಬಾಕ್ಸಿಗೆ ಹದಿನೈದು ಕೆಜಿ ಲೆಕ್ಕದಲ್ಲಿ ಒಂದೂವರೆ ಟನ್ ಮಾಲು. ಮಂಡಿ ಮುಟ್ಟುವಷ್ಟರಲ್ಲಿ ಒಳ್ಳೇ ರೇಟಿನ ಹರಾಜು ಮುಗಿದಿತ್ತು. ರೈತ ನನ್ನ ಮುಖ ನೋಡಿದ, ನಾನು ಗಾಡಿಯ ಮುಖ ನೋಡಿದೆ. ಸರ್ವಿಸ್ ಸೆಂಟರಿನಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿ, ನಿಂತಲ್ಲೇ ಇಂಜಿನ್ ರೇಸ್ ಮಾಡಿಸಿ ಸರಿ ಮಾಡಿದರು. ಬಿಲ್ಲು ಏಳು ಸಾವಿರ ಚಿಲ್ಲರೆ.

ಆಮೇಲೆ ಪಿಯುಸಿ ಓದುವ ಮಗಳನ್ನು ಕೂರಿಸಿಕೊಂಡು, ಗಾಡಿ ಜೊತೆ ಕೊಟ್ಟಿದ್ದ ಇಂಗ್ಲಿಷ್ ಪುಸ್ತಕ ಬಿಚ್ಚಿದೆ. ಎರಡು ವರ್ಷ ಪ್ಲಾಸ್ಟಿಕ್ ಕವರ್ ಸಮೇತ ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ ಬಿದ್ದಿತ್ತು. ಆ ಡಬ್ಬ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್. ಮಸಿ ತುಂಬಿದಾಗ ಸುಮಾರು 600 ಡಿಗ್ರಿ ಬಿಸಿಯಲ್ಲಿ ಅದನ್ನು ತಾನೇ ಸುಟ್ಟುಕೊಳ್ಳುತ್ತದೆ. ಆ ಬಿಸಿ ಬರಬೇಕಾದರೆ ಗಾಡಿ ನಿಲ್ಲದೆ, ಒಂದೇ ಸಮನೆ, ಸ್ವಲ್ಪ ಜೋರಾಗಿ ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ನನ್ನದು ಒಂಬತ್ತು ಕಿಲೋಮೀಟರ್ ಹಳ್ಳಿ ರಸ್ತೆ, ಆಮೇಲೆ ಮಂಡಿ ಗೇಟಿನಲ್ಲಿ ಇಂಜಿನ್ ಆನ್ ಇಟ್ಟುಕೊಂಡೇ ಕ್ಯೂ. ಮಸಿ ತುಂಬದೆ ಇನ್ನೇನು? ಅಂದರೆ ದೀಪ ಹತ್ತಿದಾಗ ನಾನು ಮಾಡಬೇಕಾದ್ದಕ್ಕೆ ಸರಿಯಾಗಿ ಉಲ್ಟಾ ಮಾಡಿದ್ದೆ. ಖಾಲಿ ಗಾಡಿಯನ್ನು ಮುಳಬಾಗಿಲು ಕಡೆ ಹೆದ್ದಾರಿಯಲ್ಲಿ ಒಂದು ಸುತ್ತು ಹೊಡೆಸಿದ್ದರೆ ಡೀಸೆಲ್ ಖರ್ಚಿನಲ್ಲೇ ಮುಗಿಯುತ್ತಿತ್ತು.

ಇನ್ನೂ ಇತ್ತು. ಈ ಸುಡುವ ಕೆಲಸ ಪದೇ ಪದೇ ಅರ್ಧಕ್ಕೆ ನಿಂತರೆ ಡೀಸೆಲ್ ಇಳಿದು ಇಂಜಿನ್ ಆಯಿಲ್ಲಿಗೆ ಸೇರುತ್ತದಂತೆ. ಹಿಂದಿನ ತಿಂಗಳು ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಮೇಲಿನ ಗೆರೆ ದಾಟಿತ್ತು. ಗಾಡಿ ಆಯಿಲ್ ಕುಡೀತಿಲ್ಲ ಅಂತ ಖುಷಿಪಟ್ಟಿದ್ದೆ! ಸುಟ್ಟ ತಕ್ಷಣ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ ಅಂತಲೂ ಬರೆದಿದೆ. ನಾನು ದಿನಾ ನಿಲ್ಲಿಸುವುದು ರಾಗಿ ಮೆದೆ ಪಕ್ಕ.

ಈಗ ನನ್ನ ಪ್ರಶ್ನೆ. ಸಾರಿಗೆ ವಾಹನ ಓಡಿಸಲು ಎಂಟನೇ ಕ್ಲಾಸು ಪಾಸಾಗಿರಬೇಕು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2019ರಲ್ಲಿ ತೆಗೆಯಿತು. ಒಳ್ಳೆಯದೇ ಆಯಿತು, ಕೆಲಸ ಗೊತ್ತಿರುವ ಎಷ್ಟೋ ಹುಡುಗರಿಗೆ ದಾರಿಯಾಯಿತು. ಆದರೆ ಶಾಲೆಗೇ ಹೋಗದವನು ಓಡಿಸಬಹುದಾದ ಗಾಡಿಯ ಪುಸ್ತಕ ಇಂಗ್ಲಿಷಿನಲ್ಲಿ ಮಾತ್ರ ಯಾಕೆ? ಟೊಮೆಟೊಗೆ ಹೊಡೆಯುವ ಔಷಧಿ ಡಬ್ಬದೊಳಗಿನ ಚೀಟಿ ನೋಡಿ. ಅಕ್ಷರ ಇರುವೆಯಷ್ಟೇ ಇದ್ದರೂ ಅದರಲ್ಲಿ ಕನ್ನಡ ಇರುತ್ತದೆ. ಸ್ಥಳೀಯ ಭಾಷೆಯಲ್ಲಿ ಇರಬೇಕು ಅಂತ ನಿಯಮವೇ ಇದೆ. ಇನ್ನೂರೈವತ್ತು ಎಂಎಲ್ ಬಾಟಲಿಗೆ ಆಗುವುದು ಲಕ್ಷಗಟ್ಟಲೆ ಸಾಲ ಮಾಡಿ ತರುವ ಗಾಡಿಗೆ ಆಗಲ್ವಾ?

2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ಇಲಾಖೆ ಕಂಪನಿಗಳು ರಿಪೇರಿ ಮಾಹಿತಿ ಕೊಡುವ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ವಾಹನಗಳೂ ಅದರಲ್ಲಿ ಸೇರಿವೆ. ಆದರೆ ಓದಲು ಬಾರದ ಭಾಷೆಯಲ್ಲಿ ಕೊಟ್ಟ ಹಕ್ಕನ್ನು ಇಟ್ಟುಕೊಂಡು ನಾನೇನು ಮಾಡಲಿ? ಕಂಪನಿಗಳು ಪೂರ್ತಿ ಪುಸ್ತಕ ಕೊಡದಿದ್ದರೂ ಬೇಡ. ಯಾವ ದೀಪ ಹತ್ತಿದರೆ ಓಡಿಸಬಹುದು, ಯಾವುದಕ್ಕೆ ತಕ್ಷಣ ನಿಲ್ಲಿಸಬೇಕು, ಯಾವ ಗ್ರೇಡಿನ ಆಯಿಲ್ ಹಾಕಬೇಕು, ಟಯರಿಗೆ ಎಷ್ಟು ಗಾಳಿ, ಇಷ್ಟನ್ನು ಹತ್ತು ಪುಟದಲ್ಲಿ ಕನ್ನಡದಲ್ಲಿ ಅಚ್ಚು ಹಾಕಿ ಬೀಗದ ಕೈ ಜೊತೆ ಕೊಡಲಿ. ಸಾರಿಗೆ ಇಲಾಖೆ ರಿಜಿಸ್ಟ್ರೇಷನ್ ಮಾಡುವಾಗ ಅದನ್ನು ಕೊಟ್ಟಿದ್ದಾರಾ ಅಂತ ಕೇಳಲಿ.

ಸದ್ಯಕ್ಕೆ ಮಗಳು ಹನ್ನೊಂದು ದೀಪಗಳ ಚಿತ್ರ ಬರೆದು, ಪಕ್ಕದಲ್ಲಿ ಏನು ಮಾಡಬೇಕು ಅಂತ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದಾಳೆ. ಸನ್ ವೈಸರಿಗೆ ಅಂಟಿಸಿದ್ದೇನೆ. ಮಂಡಿಯ ಕ್ಯೂನಲ್ಲಿ ಅದರ ಫೋಟೋ ಹೊಡೆದುಕೊಂಡ ಡ್ರೈವರುಗಳನ್ನು ಲೆಕ್ಕ ಇಟ್ಟಿಲ್ಲ. ಇನ್ನೂ ನಾಲ್ಕು ದೀಪ ಬಾಕಿ ಇವೆ. ಅವಳ ಪರೀಕ್ಷೆ ಮುಗಿಯಲಿ ಅಂತ ಕಾಯುತ್ತಿದ್ದೇನೆ.

– ಒಬ್ಬ ಪಿಕಪ್ ಚಾಲಕ, ಕೋಲಾರ ತಾಲ್ಲೂಕು