ಬಳ್ಳಿಯನ್ನು ಉಳಿಸಿ, ಬಲೆಗೆ ಬೆಲೆ ಕಟ್ಟಿಕೊಡಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಸಚಿವರಿಗೆ,

ಸಾದರ ವಂದನೆಗಳು.

ಕರ್ನಾಟಕದ ಎರಡು ಜೀವಿಗಳ ಪರವಾಗಿ ಈ ಪತ್ರ. ಒಂದು, ಕಾರವಾರದ ಕಡಲಂಚಿನಲ್ಲಿ ಕಾಣುವ ಗೂನುಬೆನ್ನಿನ ಡಾಲ್ಫಿನ್. ಇನ್ನೊಂದು, ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್. ಇವೆರಡನ್ನೂ ‘ಸಂರಕ್ಷಿಸಬೇಕು’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಆದರೆ ಒಂದನ್ನು ಉಳಿಸುವ ಕ್ರಮದಿಂದ ಇನ್ನೊಂದು ಉಳಿಯುವುದಿಲ್ಲ.

ಡಾಲ್ಫಿನ್ ಹತ್ತು–ಹನ್ನೆರಡು ತಿಂಗಳು ಗರ್ಭ ಹೊತ್ತು ಹಾಕುವುದು ಒಂದೇ ಮರಿ. ಅದಕ್ಕೆ ಹಾಲೂಡಿಸಿ, ಜೊತೆಯಲ್ಲಿಟ್ಟುಕೊಂಡು ಬೆಳೆಸಿದ ಮೇಲೆ, ವರ್ಷಗಳು ಕಳೆದು ಮತ್ತೊಂದು. 25 ಮೀಟರಿಗಿಂತ ಆಳದ ನೀರಿಗೆ ಅದು ಹೋಗುವುದು ಅಪರೂಪ. ಸಣ್ಣ ದೋಣಿಯ ಮೀನುಗಾರರು ಬಲೆ ಬಿಡುವುದೂ ಆ ಕಿರಿದಾದ ಪಟ್ಟಿಯಲ್ಲಿಯೇ. ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ ಗಿಲ್‌ನೆಟ್‌ಗೆ (ಮೀನಿನ ಕಿವಿರು ಸಿಕ್ಕಿಕೊಳ್ಳುವಂತೆ ನೀರಿನಲ್ಲಿ ಇಳಿಬಿಡುವ ಬಲೆ) ಸಿಕ್ಕಿಕೊಂಡರೆ ಮೇಲೆ ಬರಲಾಗದೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ಸತ್ತದ್ದು ತಾಯಿಯಾದರೆ ಅದನ್ನೇ ನಂಬಿದ ಮರಿಯೂ ಹೋದಂತೆ. ಅಳಿವಿನಂಚಿಗೆ ಬಂದಿರುವ ಈ ಡಾಲ್ಫಿನ್‌ಗಳಲ್ಲಿ ಪ್ರತಿಯೊಂದು ಜೀವವೂ ಲೆಕ್ಕಕ್ಕೆ ಬರುತ್ತದೆ.

ಚಿಟ್ಟೆಯ ಬದುಕು ಬೇರೆ. ರೆಕ್ಕೆ ಬಿಚ್ಚಿದರೆ 190 ಮಿಲಿಮೀಟರ್‌ವರೆಗೆ ಅಗಲ, ಕನ್ನಡ ಬಾವುಟವನ್ನು ನೆನಪಿಸುವ ಹಳದಿ–ಕೆಂಪು ಬಣ್ಣ. ಪಶ್ಚಿಮ ಘಟ್ಟದ ಕಾಡಿನಲ್ಲಿ ಅದು ತಲೆಯ ಮೇಲೆ ತೇಲಿ ಹೋದಾಗ ಹಕ್ಕಿಯೆಂದೇ ಅನ್ನಿಸುತ್ತದೆ. ಆದರೆ ಹಾರುವ ಚಿಟ್ಟೆಯ ಆಯುಸ್ಸು ಕೆಲವೇ ವಾರಗಳದು. ಹಾರುವ ಒಂದು ಚಿಟ್ಟೆಯನ್ನು ಕಾದರೆ ವಂಶ ಉಳಿಯದು. ಕಾಯಬೇಕಾದದ್ದು ಈಶ್ವರಿ ಬಳ್ಳಿಯನ್ನು ಮತ್ತು ಅದರ ಹತ್ತಿರದ ಸಂಬಂಧಿ ಗಿಡಗಳನ್ನು. ಹೆಣ್ಣು ಚಿಟ್ಟೆ ಮೊಟ್ಟೆಯಿಡುವುದು ಈ ಎಲೆಗಳ ಮೇಲೆ, ಕಂಬಳಿಹುಳು ತಿನ್ನುವುದೂ ಇವನ್ನೇ. ಎಲೆಯ ವಿಷವನ್ನು ಮೈಯಲ್ಲಿ ತುಂಬಿಕೊಂಡು ಹುಳು ಹಕ್ಕಿಗಳಿಂದ ಪಾರಾಗುತ್ತದೆ. ರಸ್ತೆಬದಿಯ ಪೊದೆ ಸವರುವ ಕತ್ತಿಯಿಂದ ಪಾರಾಗುವ ಉಪಾಯ ಮಾತ್ರ ಅದಕ್ಕೆ ಗೊತ್ತಿಲ್ಲ. ಬಳ್ಳಿಯ ಜೊತೆಗೇ ಮೊಟ್ಟೆ, ಹುಳು, ಮುಂದಿನ ಪೀಳಿಗೆ ಎಲ್ಲವೂ ಕಸದ ರಾಶಿ ಸೇರುತ್ತವೆ. ರಾಜ್ಯ ಚಿಟ್ಟೆಯೆಂಬ ಬಿರುದು ಕೊಟ್ಟ ನಾವೇ ಅದರ ತೊಟ್ಟಿಲನ್ನು ಕಳೆಯೆಂದು ಕಿತ್ತೆಸೆಯುವುದು ನೋವಿನ ಸಂಗತಿ.

ಆದ್ದರಿಂದ ನನ್ನ ಬೇಡಿಕೆಗಳು ಎರಡೇ. ಈಶ್ವರಿ ಬಳ್ಳಿಯನ್ನು ಇಲಾಖೆಯ ಸಸ್ಯಪಾಲನಾ ಕ್ಷೇತ್ರಗಳಲ್ಲಿ ಬೆಳೆಸಿ ಮಲೆನಾಡಿನ ಕಾಡಂಚುಗಳಲ್ಲಿ ನೆಡಿಸಿ. ಪೊದೆ ಸವರುವ ಕೆಲಸಗಾರರಿಗೆ ಮೊದಲೇ ಆ ಬಳ್ಳಿಯ ಗುರುತು ಹೇಳಿಕೊಡಿ. ಇದಕ್ಕೆ ದೊಡ್ಡ ಖರ್ಚೇನೂ ಬೇಡ.

ಎರಡನೆಯದು ಮೀನುಗಾರರ ವಿಷಯ. ಸಿಕ್ಕಿಬಿದ್ದ ಡಾಲ್ಫಿನ್‌ ಅನ್ನು ಬಿಡಿಸಲು ಬಲೆ ಕತ್ತರಿಸಿದರೆ ನಷ್ಟ ಅವರ ತಲೆಯ ಮೇಲೆ. ನೆರೆಯ ಮಹಾರಾಷ್ಟ್ರ 2018ರಲ್ಲಿಯೇ ಇಂಥ ಬಲೆಗಳಿಗೆ 25,000 ರೂಪಾಯಿವರೆಗೆ ಪರಿಹಾರ ಕೊಡುವ ಯೋಜನೆ ತಂದಿತು. ಮೀನುಗಾರಿಕೆ ಸಚಿವರೊಂದಿಗೆ ಮಾತನಾಡಿ ನಮ್ಮ ಕರಾವಳಿಯ ಎಲ್ಲ ಬಂದರುಗಳಿಗೂ ತಲುಪುವಂಥ ವ್ಯವಸ್ಥೆಯೊಂದನ್ನು ರೂಪಿಸಿ. ಪರಿಹಾರ ತಿಂಗಳುಗಟ್ಟಲೆ ಕಾಯಿಸದೆ ಕೈಸೇರಲಿ, ಏಕೆಂದರೆ ಬಲೆಯಿಲ್ಲದ ದೋಣಿ ಮರುದಿನ ಕಡಲಿಗೆ ಇಳಿಯಲಾರದು.

ಮುಂದಿನ ಮಳೆಗಾಲಕ್ಕೆ ಬಳ್ಳಿ ನೆಡಬೇಕಾದರೆ ಸಸಿಗಳನ್ನು ಈಗಲೇ ಸಿದ್ಧಪಡಿಸಬೇಕು. ತಮ್ಮ ಆದೇಶಕ್ಕಾಗಿ ಕಾಯುತ್ತಿದ್ದೇನೆ.

ಇಂತಿ ವಿಶ್ವಾಸಿ,
ರಾಜ್ಯದ ಒಬ್ಬ ನಾಗರಿಕ