ನೋವು ನಿಂತಿತು ಅಂತ ಸುಮ್ಮನಾಗಬೇಡ

ಪ್ರೀತಿಯ ವಿನಯ್‌ಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಮೆಸೇಜ್ ನೋಡಿದೆ. "ಹಲ್ಲುನೋವು ತಾನಾಗೇ ಹೋಯ್ತು ದೊಡ್ಡಮ್ಮ, ರೂಟ್ ಕೆನಾಲ್ ಕ್ಯಾನ್ಸಲ್ ಮಾಡಿದೆ" ಅಂತ ಬರೆದು, ಪಕ್ಕದಲ್ಲಿ ನಗುವ ಮುಖ ಬೇರೆ ಹಾಕಿದ್ದೀಯ. ರೂಟ್ ಕೆನಾಲ್ ಅಂದರೆ ಹಲ್ಲಿನೊಳಗೆ ಕೆಟ್ಟಿದ್ದನ್ನು ತೆಗೆದು, ತೊಳೆದು, ತುಂಬಿ, ಹಲ್ಲು ಉಳಿಸುವ ಚಿಕಿತ್ಸೆ; ಕ್ಯಾನ್ಸಲ್ ಮಾಡುವಂಥದ್ದಲ್ಲ. ಫೋನಿನಲ್ಲಿ ಹೇಳಹೊರಟರೆ "ಸರಿ ಸರಿ, ಮೀಟಿಂಗ್ ಇದೆ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಕೂತು ಓದು. ನಾನು ಡಾಕ್ಟರ್ ಅಲ್ಲ, ನಿಜ. ಆದರೆ ಹಲ್ಲಿನ ಡಾಕ್ಟರ ಕುರ್ಚಿ ಪಕ್ಕ ನಿಂತು ಕೈಗೆ ಸಾಮಾನು ಕೊಡುವ ಕೆಲಸದಲ್ಲೇ ನನ್ನ ಸರ್ವಿಸ್ ಮುಗಿಯಿತು. ಬಾಯಿ ತೆರೆದು ಕೂತವರನ್ನು ನೋಡಿದ್ದೇನೂ ಕಡಿಮೆಯಲ್ಲ.

ನಿನ್ನ ನೋವು ಗುಣವಾಗಿ ಹೋಗಿಲ್ಲ. ನೋವು ಹೇಳಬೇಕಾದ ನರವೇ ಸತ್ತಿದೆ.

ಹೇಗೆ ಅಂತೀಯಾ? ಹಲ್ಲಿನ ಒಳಗೆ ಟೊಳ್ಳಿದೆ. ಆ ಟೊಳ್ಳಿನಲ್ಲಿ ಮೆತ್ತನೆಯ ತಿರುಳು, ಅದರಲ್ಲಿ ನರ, ರಕ್ತನಾಳ. ಬೇರಿನ ತುದಿಯಲ್ಲಿರುವ ಸಣ್ಣ ತೂತಿನಿಂದ ಇವು ಒಳಗೆ ಬರುತ್ತವೆ. ಹುಳುಕು ಮೇಲಿನಿಂದ ಕೊರೆಯುತ್ತಾ ತಿರುಳಿನ ತನಕ ಇಳಿದರೆ ತಿರುಳು ಊದುತ್ತದೆ. ಕೈಕಾಲು ಊದಿದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ಹಲ್ಲಿನೊಳಗೆ ಸುತ್ತ ಗಟ್ಟಿ ಗೋಡೆ, ಹಿಗ್ಗಲು ಎಲ್ಲಿದೆ ಜಾಗ? ಮಲಗಿದರೆ ತಲೆಯ ಕಡೆ ರಕ್ತದ ಒತ್ತಡ ಜಾಸ್ತಿ, ಅದಕ್ಕೇ ರಾತ್ರಿಯೇ ನೋವು ಜೋರು. ಬಿಸಿ ಕಾಫಿ ತಾಗಿದರೆ ಜೀವ ಹೋಗುತ್ತಿತ್ತು, ತಣ್ಣೀರು ಬಾಯಲ್ಲಿ ಹಿಡಿದುಕೊಂಡರೆ ಮಾತ್ರ ಸ್ವಲ್ಪ ಸಮಾಧಾನ ಅಂದಿದ್ದೆಯಲ್ಲ? ಅಷ್ಟು ಕೇಳಿದಾಗಲೇ ನನಗೆ ಗೊತ್ತಾಯಿತು. ಆ ಹಂತಕ್ಕೆ ಬಂದ ತಿರುಳು ವಾಪಸ್ ಸರಿಹೋಗುವುದಿಲ್ಲ.

ಆಮೇಲೆ ಒಂದು ದಿನ ಅದು ಸಾಯುತ್ತದೆ. ನೋವು ಸ್ವಿಚ್ ಆಫ್ ಆಗುತ್ತದೆ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಒಬ್ಬರು ದೇವರಿಗೆ ಕಾಯಿ ಒಡೆಸುತ್ತಾರೆ, ಇನ್ನೊಬ್ಬರು ಲವಂಗಕ್ಕೆ ಕೀರ್ತಿ ಕೊಡುತ್ತಾರೆ, ನೀನು ಮೆಡಿಕಲ್ ಶಾಪಿನ ಆಂಟಿಬಯಾಟಿಕ್‌ಗೆ ಕೊಟ್ಟಿದ್ದೀಯ. ಆ ಮಾತ್ರೆ ರಕ್ತದ ಜೊತೆ ಹೋಗಿ ಕೆಲಸ ಮಾಡಬೇಕು. ಸತ್ತ ತಿರುಳಿನಲ್ಲಿ ರಕ್ತವೇ ಓಡುವುದಿಲ್ಲ, ಮಾತ್ರೆ ಅಲ್ಲಿಗೆ ಹೇಗೆ ಮುಟ್ಟೀತು? ಬ್ಯಾಕ್ಟೀರಿಯಾ ಮಾತ್ರ ಒಳಗೆ ಆರಾಮಾಗಿ ಬೆಳೆದು, ಬೇರಿನ ತುದಿಯಿಂದ ದವಡೆ ಮೂಳೆಗೆ ಇಳಿಯುತ್ತವೆ. ಮೂಳೆ ಕರಗುತ್ತದೆ. ತಿಂಗಳುಗಟ್ಟಲೆ ಸದ್ದಿಲ್ಲದೆ ಇದ್ದು, ಆಫೀಸಿನಲ್ಲಿ ಕೆಲಸ ಮೈಮೇಲೆ ಬಿದ್ದಿರುವ ದಿನವೇ ಕೆನ್ನೆ ಊದಿಸುವುದೂ ಉಂಟು.

ಊತದ ಮಾತು ಬಂತು, ಇದನ್ನು ಮಾತ್ರ ಗಟ್ಟಿಯಾಗಿ ನೆನಪಿಡು. ನಿನ್ನದು ಕೆಳದವಡೆಯ ಹಲ್ಲು. ಗಲ್ಲದ ಕೆಳಗೆ, ಕತ್ತಿನ ಕಡೆ ಊತ ಇಳಿಯುತ್ತಿದೆ, ಜ್ವರ ಇದೆ, ಬಾಯಿ ತೆರೆಯಲು ಆಗುತ್ತಿಲ್ಲ, ಎಂಜಲು ನುಂಗಲು ಕಷ್ಟ ಅಂದರೆ ಬೆಳಗಾಗಲಿ ಅಂತ ಕಾಯಬೇಡ. ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗು. ಕೀವು ಗಂಟಲ ಕಡೆ ಹರಡಿದರೆ ಉಸಿರಿಗೇ ಸಂಚಕಾರ. ಊತಕ್ಕೆ ಬಿಸಿ ಶಾಖ ಕೊಡಬೇಡ. ನೋವಿಗೆ ಅಂತ ಆಸ್ಪಿರಿನ್ ಮಾತ್ರೆಯನ್ನು ವಸಡಿಗೆ ಒತ್ತಿಟ್ಟು ಚರ್ಮ ಬೆಳ್ಳಗೆ ಸುಟ್ಟುಕೊಂಡು ಬಂದವರನ್ನೂ ನೋಡಿದ್ದೇನೆ, ಅದೂ ಬೇಡ.

ಹಾಗಾದರೆ ಕೀಳಿಸಿಬಿಡಲಾ ಅಂತ ಕೇಳಿದ್ದೀಯ. ಕೆಲವು ಸಲ ಅದೇ ಸರಿ. ಹಲ್ಲು ವಸಡಿನ ಕೆಳಗೆ ಮುರಿದಿದ್ದರೆ, ಬೇರು ಸೀಳಿದ್ದರೆ, ಅಲ್ಲಾಡುತ್ತಿದ್ದರೆ ಡಾಕ್ಟರೇ ಕೀಳೋಣ ಅನ್ನುತ್ತಾರೆ. ನಿನಗಿನ್ನೂ ಮೂವತ್ತಾಗಿಲ್ಲ, ಬೇರು ಗಟ್ಟಿಯಿದೆ. ಕಿತ್ತರೆ ಆ ಸಂದಿಗೆ ಪಕ್ಕದ ಹಲ್ಲು ವಾಲುತ್ತದೆ, ಮೇಲಿನ ಹಲ್ಲು ಕೆಳಗೆ ಜಾರುತ್ತದೆ. ಆಮೇಲೆ ಬ್ರಿಜ್, ಅಂದರೆ ಅಕ್ಕಪಕ್ಕದ ಹಲ್ಲಿನ ಆಧಾರದಲ್ಲಿ ಕೂರಿಸುವ ಕಟ್ಟುಹಲ್ಲು, ಹಾಕಿಸಬೇಕು ಅಂದರೆ ಅಕ್ಕಪಕ್ಕದ ಎರಡು ಒಳ್ಳೆ ಹಲ್ಲು ಸವೆಸಬೇಕು. ಮೂಳೆಗೆ ತಿರುಪು ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವ ಇಂಪ್ಲಾಂಟ್‌ ಅಂದರೆ ರೂಟ್ ಕೆನಾಲ್‌ಗಿಂತ ಜಾಸ್ತಿ ಖರ್ಚು. ಸ್ವಂತ ಹಲ್ಲು ಉಳಿಯುವ ಹಾಗಿದ್ದರೆ ಉಳಿಸಿಕೊಳ್ಳಬೇಕು ಅನ್ನುವುದೇ ನನ್ನ ಅಭಿಪ್ರಾಯ.

ಇನ್ನು ನಿನ್ನ ಭಯ. ರೂಟ್ ಕೆನಾಲ್ ಅಂದರೆ ನರ ಹಿಡಿದು ಎಳೆಯುತ್ತಾರೆ, ಕೂಗಿಕೊಳ್ಳುವಷ್ಟು ನೋವು ಅಂತ ನಿನ್ನ ರೂಮ್‌ಮೇಟ್ ಹೆದರಿಸಿದ್ದಾನಂತೆ. ಅವನು ಮಾಡಿಸಿಕೊಂಡಿದ್ದಾನಾ ಕೇಳು ಮೊದಲು.

ಅಲ್ಲಿ ಏನೇನು ಮಾಡುತ್ತಾರೆ ಅಂತ ನಾನು ಹೇಳುತ್ತೇನೆ. ರೂಟ್ ಕೆನಾಲ್ ದಿನ ಹೊಟ್ಟೆ ತುಂಬ ತಿಂಡಿ ತಿಂದುಕೊಂಡು ಹೋಗು. ಆಮೇಲೆ ಬಾಯಿ ಮರಗಟ್ಟಿರುತ್ತದೆ, ಕೆಲವು ಗಂಟೆ ಏನೂ ಅಗಿಯುವ ಹಾಗಿಲ್ಲ. ಮರೆತು ಅಗಿದರೆ ನಿನ್ನ ಕೆನ್ನೆಯನ್ನೇ ಕಚ್ಚಿಕೊಳ್ಳುತ್ತೀಯ, ಅದು ಗೊತ್ತಾಗುವುದು ಸಂಜೆ. ಯಾವುದಾದರೂ ಔಷಧಿ ಆಗದಿದ್ದರೆ, ದಿನಾ ತಗೊಳ್ಳುವ ಮಾತ್ರೆ ಏನಾದರೂ ಇದ್ದರೆ ಮೊದಲೇ ಹೇಳು.

ಇಂಜೆಕ್ಷನ್ ಕೊಡುವುದು ಬಾಯಿಯ ಹಿಂಭಾಗದಲ್ಲಿ, ಕೆನ್ನೆಯ ಒಳಗಡೆ. ಒಂದು ಚುಚ್ಚು, ಸ್ವಲ್ಪ ಒತ್ತಿದ ಹಾಗೆ. ಔಷಧಿಯಲ್ಲಿ ಸಾಮಾನ್ಯವಾಗಿ ಅಡ್ರಿನಲಿನ್ ಸೇರಿಸಿರುತ್ತಾರೆ, ಹಾಗಾಗಿ ಒಂದೆರಡು ನಿಮಿಷ ಎದೆ ಡವಡವ ಅನ್ನಬಹುದು. ಹೆದರಬೇಡ, ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಅರ್ಧ ತುಟಿ, ಅರ್ಧ ನಾಲಿಗೆ ಜೋಮು ಹಿಡಿಯುತ್ತದೆ. ಮುಟ್ಟಿದ್ದು ಗೊತ್ತಾಗುತ್ತದೆ, ಚುಚ್ಚಿದ್ದು ಗೊತ್ತಾಗಬಾರದು. ಗೊತ್ತಾದರೆ ಎಡಗೈ ಎತ್ತು, ಇನ್ನಷ್ಟು ಔಷಧಿ ಹಾಕುತ್ತಾರೆ. ತುಂಬಾ ಊದಿದ ನರ ಒಂದೇ ಸಲಕ್ಕೆ ಮರಗಟ್ಟದೇ ಇರುವುದು ಇದೆ. ಗಂಡಸರು ಹಲ್ಲು ಕಚ್ಚಿ, ಅಲ್ಲಲ್ಲ, ಬಾಯಿ ತೆರೆದುಕೊಂಡೇ ಸಹಿಸಿಕೊಳ್ಳುತ್ತಾರೆ. ಅದರಿಂದ ಯಾರಿಗೆ ಏನು ಲಾಭವೋ ಗೊತ್ತಿಲ್ಲ.

ಆಮೇಲೆ ನಿನ್ನ ಹಲ್ಲಿಗೆ ಒಂದು ಕ್ಲಿಪ್ ಸಿಕ್ಕಿಸಿ, ಬಾಯಿಗೆ ಅಡ್ಡವಾಗಿ ರಬ್ಬರ್ ಹಾಳೆ ಕಟ್ಟುತ್ತಾರೆ. ರಬ್ಬರ್ ಡ್ಯಾಮ್ ಅಂತಾರೆ. ಒಂದು ತೂತು, ಅದರಿಂದ ಹೊರಗೆ ಇಣುಕುವುದು ಆ ಒಂದು ಹಲ್ಲು ಮಾತ್ರ. ಉಸಿರು ಕಟ್ಟಿದ ಹಾಗೆ ಅನ್ನಿಸಿದರೆ ಮೂಗಿನಿಂದ ಉಸಿರಾಡು. ಇದು ಬೇಕೇ ಬೇಕು. ಎಂಜಲು ಹಲ್ಲಿನೊಳಗೆ ಹೋಗಬಾರದು, ಡಾಕ್ಟರ ಕೈಯಲ್ಲಿರುವ ಸಣ್ಣ ಸೂಜಿ ಜಾರಿ ನಿನ್ನ ಗಂಟಲಿಗೆ ಹೋಗಬಾರದು. ಎಷ್ಟೋ ಕಡೆ ಆತುರಕ್ಕೆ ಇದನ್ನು ಬಿಟ್ಟುಬಿಡುತ್ತಾರೆ. ಕುರ್ಚಿಗೆ ಏರುವ ಮೊದಲೇ "ರಬ್ಬರ್ ಡ್ಯಾಮ್ ಹಾಕುತ್ತೀರಾ?" ಅಂತ ಕೇಳು, ಸಂಕೋಚ ಬೇಡ.

ಹಲ್ಲಿನ ಮೇಲೆ ಕೊರೆದು ಒಳಗೆ ದಾರಿ ಮಾಡುತ್ತಾರೆ. ಕೆಳಗಿನ ದೊಡ್ಡ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಅದರಲ್ಲಿ ತಿರುಳು ಇಳಿದುಹೋಗುವ ಮೂರೋ ನಾಲ್ಕೋ ಸಣ್ಣ ಕಾಲುವೆ. ಮುಂದಿನ ಹಲ್ಲಾದರೆ ಹೆಚ್ಚಿನವಕ್ಕೆ ಒಂದೇ. ಅದಕ್ಕೇ ನಿನ್ನ ಕೆಲಸ ಜಾಸ್ತಿ ಹೊತ್ತು ಹಿಡಿಯುತ್ತದೆ. ಕಾಲುವೆ ಕೆರೆದು ಅಗಲ ಮಾಡುವ ಸೂಜಿಗೆ ಫೈಲ್ ಅಂತ ಹೆಸರು. ಹತ್ತನೇ ನಂಬರ್ ಫೈಲಿನ ತುದಿ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು. ಹಿಡಿಗೆ ಬಣ್ಣ: ಹತ್ತಕ್ಕೆ ನೇರಳೆ, ಹದಿನೈದಕ್ಕೆ ಬಿಳಿ, ಇಪ್ಪತ್ತಕ್ಕೆ ಹಳದಿ, ಇಪ್ಪತ್ತೈದಕ್ಕೆ ಕೆಂಪು. ಡಾಕ್ಟರು ಕೈ ಚಾಚಿದರೆ ಸಾಕು, ಬಾಯಿ ಬಿಡುವ ಮೊದಲೇ ಯಾವ ಬಣ್ಣ ಬೇಕು ಅಂತ ನನಗೆ ಗೊತ್ತಾಗುತ್ತಿತ್ತು. ನಿನ್ನ ತುಟಿಗೆ ಒಂದು ಕೊಕ್ಕೆ ನೇತುಹಾಕುತ್ತಾರೆ, ಪಕ್ಕದಲ್ಲಿ ಒಂದು ಪೆಟ್ಟಿಗೆ ಬೀಪ್ ಬೀಪ್ ಅನ್ನುತ್ತದೆ. ಫೈಲು ಬೇರಿನ ತುದಿ ಮುಟ್ಟಿತಾ ಅಂತ ತಿಳಿಸುವ ಯಂತ್ರ ಅದು. ತುದಿ ದಾಟಲೂಬಾರದು, ಅರ್ಧಕ್ಕೆ ನಿಲ್ಲಲೂಬಾರದು.

ನಡುನಡುವೆ ಸಿರಿಂಜಿನಿಂದ ಔಷಧಿ ಬಿಟ್ಟು ತೊಳೆಯುತ್ತಾರೆ. ಈಜುಕೊಳದ ವಾಸನೆ ಬರುತ್ತದೆ, ಬಟ್ಟೆಗೆ ಹಾಕುವ ಬ್ಲೀಚಿನಲ್ಲಿ ಇರುವ ಹೈಪೋಕ್ಲೋರೈಟೇ ಅದು. ಗೆಲ್ಲುವುದು ಸೋಲುವುದು ಈ ತೊಳೆಯುವುದರಲ್ಲೇ ಇದೆ. ಫೈಲು ಹೋಗದ ಸಂದುಗೊಂದಿಗೂ ಈ ನೀರು ಹೋಗುತ್ತದೆ. ಡಾಕ್ಟರು ಸುಮ್ನೆ ಟೈಮ್ ಪಾಸ್ ಮಾಡುತ್ತಿದ್ದಾರೆ ಅನ್ನಿಸುವ ಹೊತ್ತಿನಲ್ಲಿ ನಡೆಯುತ್ತಿರುವುದು ಇದೇ.

ಒಂದೇ ಸಲಕ್ಕೆ ಮುಗಿಯಬಹುದು. ಕೀವಿದ್ದರೆ ಒಳಗೆ ಔಷಧಿ ತುಂಬಿ, ಮೇಲೆ ತಾತ್ಕಾಲಿಕ ಸಿಮೆಂಟ್ ಮುಚ್ಚಿ, ಮತ್ತೆ ಬಾ ಅನ್ನುತ್ತಾರೆ. ಕೊನೆಗೆ ಕಾಲುವೆಗೆ ತುಂಬುವುದು ಗಟಾಪರ್ಚ ಅನ್ನುವ ನಸುಗೆಂಪು ಕಡ್ಡಿ, ಮಲಯ ಸೀಮೆಯ ಮರದ ಹಾಲಿನಿಂದ ಮಾಡುವಂಥದ್ದು. ಬಿಸಿ ಮಾಡಿದ ಉಪಕರಣದಿಂದ ಅದರ ತಲೆ ಕತ್ತರಿಸುವಾಗ ಸುಟ್ಟ ವಾಸನೆ ಬಂದು ಹೊಗೆ ಕಂಡರೆ, ನಿನ್ನ ಹಲ್ಲು ಸುಡುತ್ತಿಲ್ಲ, ಗಾಬರಿಯಾಗಬೇಡ.

ಮನೆಗೆ ಬಂದ ಮೇಲೆ ಎರಡು ಮೂರು ದಿನ ಕಚ್ಚಿದರೆ ನೋಯುತ್ತದೆ. ನರ ತೆಗೆದ ಮೇಲೂ ಯಾಕೆ ನೋವು ಅಂತ ಎಲ್ಲರೂ ಕೇಳುತ್ತಾರೆ. ಹಲ್ಲಿನೊಳಗಿನ ನರ ಹೋಗಿದೆ, ಬೇರಿನ ಸುತ್ತ ಇರುವ ನಾರು ಅಲ್ಲೇ ಇದೆ, ಅದು ಕೆರಳಿರುತ್ತದೆ. ಡಾಕ್ಟರು ಬರೆದ ಮಾತ್ರೆ ಸಾಕು. ದಿನ ಕಳೆದಂತೆ ನೋವು ಕಡಿಮೆ ಆಗಬೇಕು. ಜಾಸ್ತಿಯಾಗುತ್ತಿದ್ದರೆ ಫೋನ್ ಮಾಡು.

ಎರಡನೇ ಸಲ ಮೋಸ ಹೋಗುವುದು ಈಗ. ನೋವಿಲ್ಲ, ಊತವಿಲ್ಲ, ತಾತ್ಕಾಲಿಕ ಸಿಮೆಂಟು ಗಟ್ಟಿಯಾಗಿ ಕೂತಿದೆ. ಹಲ್ಲಿನ ಮೇಲೆ ಟೋಪಿಯ ಹಾಗೆ ಕೂರಿಸುವ ಕ್ಯಾಪ್ ಹಾಕಿಸುವುದನ್ನು ದೀಪಾವಳಿ ಕಳೆಯಲಿ, ಬೋನಸ್ ಬರಲಿ ಅಂತ ಮುಂದೂಡುತ್ತಾರೆ. ಆ ಸಿಮೆಂಟು ಸವೆದು ಸಂದಿಯಿಂದ ಎಂಜಲು ಇಳಿದರೆ, ಒಳಗೆ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ಅದಕ್ಕಿಂತ ಕೆಟ್ಟದ್ದು ಸೀಳುವುದು. ಹುಳುಕು ತಿಂದು, ಮೇಲಿಂದ ಕೊರೆಸಿಕೊಂಡು, ಹಲ್ಲಿನ ಗೋಡೆ ತೆಳ್ಳಗಾಗಿರುತ್ತದೆ. ಅಗಿಯುವ ಭಾರವೆಲ್ಲ ದವಡೆ ಹಲ್ಲಿನ ಮೇಲೆ. ಒಬ್ಬ ಮೇಷ್ಟ್ರು ಕ್ಯಾಪ್ ಹಾಕಿಸದೆ ವರ್ಷ ಕಳೆದು, ಮದುವೆ ಮನೆಯಲ್ಲಿ ಕೋಡುಬಳೆ ಕಡಿದು, ಹಲ್ಲಿನ ಅರ್ಧ ಹೋಳನ್ನು ಬಸ್ ಟಿಕೆಟ್‌ನಲ್ಲಿ ಸುತ್ತಿ ತಂದಿದ್ದರು. "ಅಂಟಿಸಿಕೊಡಿ" ಅಂದರು. ಉಳಿದರ್ಧವನ್ನೂ ಕೀಳಬೇಕಾಯಿತು. ರೂಟ್ ಕೆನಾಲ್ ಮಾತ್ರ ಚೆನ್ನಾಗಿಯೇ ಆಗಿತ್ತು, ಪಾಪ.

ಹಾಗಾಗಿ ದುಡ್ಡಿನ ಲೆಕ್ಕ ಹಾಕುವಾಗ ಕ್ಯಾಪಿನದ್ದೂ ಸೇರಿಸಿ ಕೇಳು. ಎಷ್ಟೋ ಕಡೆ ರೂಟ್ ಕೆನಾಲ್‌ನ ರೇಟು ಮಾತ್ರ ಹೇಳಿ, ಕ್ಯಾಪ್ ಬೇರೆ ಅಂತ ಆಮೇಲೆ ಹೇಳುತ್ತಾರೆ. ಹಿಂದಿನ ಹಲ್ಲಿಗೆ ಲೋಹದ್ದಾದರೂ ನಡೆಯುತ್ತದೆ, ಹಲ್ಲಿನ ಬಣ್ಣದ ಜಿರ್ಕೋನಿಯಾನೇ ಆಗಬೇಕು ಅಂತೇನಿಲ್ಲ. ಆಫೀಸಿನ ಇನ್ಶೂರೆನ್ಸ್‌ನಲ್ಲಿ ಹಲ್ಲಿಗೆ ಕೊಡುತ್ತಾರಾ ವಿಚಾರಿಸು, ಹೆಚ್ಚಿನ ಪಾಲಿಸಿಗಳಲ್ಲಿ ಇರುವುದಿಲ್ಲ. ಕೈ ಬಿಗಿ ಇದ್ದರೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆ ಬಳಿ ಸರ್ಕಾರಿ ದಂತ ಕಾಲೇಜಿದೆ. ಅಂಥ ಕಡೆ ಓದುವ ಹುಡುಗರು ಮಾಡುತ್ತಾರೆ, ಮೇಷ್ಟ್ರು ಹಂತಹಂತಕ್ಕೆ ನೋಡುತ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಖರ್ಚು ಕಡಿಮೆ. ಕಷ್ಟದ ಹಲ್ಲಾದರೆ ಎಂಡೋಡಾಂಟಿಸ್ಟ್ ಹತ್ತಿರ ಹೋಗು, ಅವರು ಇದಕ್ಕೇ ಅಂತ ಎಂಡಿಎಸ್ ಅನ್ನುವ ಸ್ನಾತಕೋತ್ತರ ಪದವಿ ಓದಿರುತ್ತಾರೆ.

ರೂಟ್ ಕೆನಾಲ್ ಮಾಡಿಸಿದರೆ ಕ್ಯಾನ್ಸರ್ ಬರುತ್ತದೆ ಅನ್ನುವ ಫಾರ್ವರ್ಡ್ ನನಗೂ ಬಂದಿತ್ತು. ಸುಮಾರು ನೂರು ವರ್ಷದ ಹಿಂದೆ ಅಮೆರಿಕದ ವೆಸ್ಟನ್ ಪ್ರೈಸ್ ಅನ್ನುವ ದಂತವೈದ್ಯ, ಇಂಥ ಹಲ್ಲಿನಿಂದ ಮೈಗೆಲ್ಲ ಕಾಯಿಲೆ ಬರುತ್ತದೆ ಅಂದಿದ್ದ. ಆ ಕಾಲದಲ್ಲಿ ಎಷ್ಟೋ ಜನ ಉಳಿಯಬಹುದಾದ ಹಲ್ಲನ್ನೂ ಕೀಳಿಸಿಕೊಂಡರು. ಮುಂದಿನ ಸಂಶೋಧನೆಯಲ್ಲಿ ಅವನ ಮಾತು ನಿಲ್ಲಲಿಲ್ಲ. ವಾಟ್ಸಾಪಿನಲ್ಲಿ ಮಾತ್ರ ನಿಂತಿದೆ.

ಎಲ್ಲ ರೂಟ್ ಕೆನಾಲೂ ಗೆಲ್ಲುತ್ತದೆ ಅಂತ ಹೇಳುವುದಿಲ್ಲ. ಒಂದು ಕಾಲುವೆ ಕಣ್ಣಿಗೆ ಬೀಳದೆ ಉಳಿದರೆ ಮತ್ತೆ ಕೀವು ಬರಬಹುದು. ಆಗ ಬಿಚ್ಚಿ ಇನ್ನೊಮ್ಮೆ ಮಾಡುತ್ತಾರೆ. ಕೆಲಸ ಮುಗಿದ ದಿನದ ಎಕ್ಸ್‌ರೇ ಕೇಳಿ ಇಟ್ಟುಕೊ. ಆರು ತಿಂಗಳಿಗೋ ವರ್ಷಕ್ಕೋ ಇನ್ನೊಂದು ತೆಗೆಸು. ಬೇರಿನ ತುದಿಯಲ್ಲಿ ಈಗ ಕಪ್ಪಗೆ ಕಾಣುವ ಜಾಗದಲ್ಲಿ ಮೂಳೆ ತುಂಬಿಕೊಂಡು ಬರುತ್ತಿರಬೇಕು. ಗುಣವಾಯಿತಾ ಅಂತ ನೋಡುವುದು ಅಲ್ಲಿ, ನಿನಗೆ ನೋವಿದೆಯಾ ಇಲ್ಲವಾ ಅನ್ನುವುದರಲ್ಲಿ ಅಲ್ಲ.

ನಾಳೆಯೇ ಕ್ಲಿನಿಕ್ಕಿಗೆ ಫೋನ್ ಮಾಡಿ ಕ್ಯಾನ್ಸಲ್ ಮಾಡಿದ ದಿನ ವಾಪಸ್ ಸಿಗುತ್ತಾ ಕೇಳು. ಸಿಗದಿದ್ದರೆ ಈ ವಾರದೊಳಗೆ ಬೇರೆ ದಿನ ತಗೊ. ನಿಮ್ಮಮ್ಮನಿಗೆ ನಾನಿನ್ನೂ ಹೇಳಿಲ್ಲ, ಹೇಳಿದರೆ ರಾತ್ರಿ ಬಸ್ಸಿಗೇ ಹೊರಡುತ್ತಾಳೆ. ದಿನ ಗೊತ್ತಾದ ಮೇಲೆ ನೀನೇ ಹೇಳು.

ನಿನ್ನ ದೊಡ್ಡಮ್ಮ